ಮೂರು ಹಲಗೆಯ ನೀರು

ದಬ್ಬಾ ಊರಿನಲ್ಲಿ ಲಾರಿ ಕೆಟ್ಟರೆ ಮೆಕ್ಯಾನಿಕ್ ಕರ್ರಾರ್ ಉಸ್ತಾನ ಶೆಡ್ಡಿಗೆ ಬರಬೇಕು, ಇಲ್ಲವಾದರೆ ಕೆಟ್ಟೇ ಇರಬೇಕು. ಉಮ್ದುರ್ಮಾನ್ ಪಟ್ಟಣಕ್ಕೆ ಡಾಂಬರು ರಸ್ತೆ ಬರುವುದಕ್ಕೆ ಮುಂಚಿನ ಮಾತು. ನೈಲ್ ದಂಡೆಯ ಖರ್ಜೂರದ ಕೊನೆಯ ಸಾಲು ದಾಟಿದರೆ ಮರಳು, ಅಲ್ಲಿಂದ ಎರಡು ದಿನ ಬರೀ ಮರಳು. ಹೊರಟ ದಿನ ಬೆಳಿಗ್ಗೆ ಉಮ್ ಹತಬ್ ಬಾವಿ ಸಿಗುತ್ತದೆ, ಆಮೇಲೆ ಉಮ್ದುರ್ಮಾನಿನ ತನಕ ದಾರಿಯ ಮೇಲೆ ಹನಿ ನೀರಿಲ್ಲ. ಅಂಥ ದಾರಿಗೆ ಹೊರಡುವ ಮೊದಲು ಚಾಲಕರು ಶೆಡ್ಡಿನ ಮುಂದೆ ಲಾರಿ ನಿಲ್ಲಿಸಿ, ಇಂಜಿನ್ ಆರಿಸದೆ ಕಾಯುತ್ತಿದ್ದರು. ಕರ್ರಾರ್ ಕಣ್ಣು ಮುಚ್ಚಿ ಒಂದು ನಿಮಿಷ ಕೇಳುತ್ತಿದ್ದ. 'ಹೋಗು' ಅಂದರೆ ಹೋಗುತ್ತಿದ್ದರು, 'ಇಳಿಸು' ಅಂದರೆ ಮೂವತ್ತು ಜನ ಪ್ರಯಾಣಿಕರೂ ತುಟಿ ಪಿಟಕ್ಕೆನ್ನದೆ ಗಂಟುಮೂಟೆ ಇಳಿಸುತ್ತಿದ್ದರು. ಇಷ್ಟು ಮರ್ಯಾದೆ ಸಿಕ್ಕಿದ ಮೇಲೆ ಮನುಷ್ಯನಿಗೆ ಸ್ವಲ್ಪ ಜಂಬ ಬರದೆ ಇರುತ್ತದೆಯೇ? ಬಂದಿತ್ತು.

ಆ ಬೇಸಿಗೆಯಲ್ಲಿ ಒಂದು ಲಾರಿ ಅವನ ಜಂಬ ಇಳಿಸಿತು. ಬೇರೆ ಯಾರದ್ದಾದರೂ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಅದು ಅಳಿಯ ಸಿದ್ದೀಗನ ಲಾರಿ. ಒಬ್ಬಳೇ ಮಗಳು ಸಿತ್ತನಾಳನ್ನು ಅವನಿಗೆ ಕೊಟ್ಟು ಮೂರು ವರ್ಷವಾಗಿತ್ತು, ಈಗ ಅವಳಿಗೆ ಏಳು ತಿಂಗಳು ತುಂಬಿತ್ತು.

ಮೂರನೆಯ ಸಲ ಸಿದ್ದೀಗ್ ಶೆಡ್ಡಿಗೆ ಬಂದಾಗ ಮೈಮೇಲಿನ ಮರಳನ್ನೂ ಕೊಡವಿರಲಿಲ್ಲ. ನೀರಿನ ಮಡಕೆಗೆ ಕೈ ಹಾಕಿ ಎರಡು ಬಟ್ಟಲು ಕುಡಿದ.

"ಮತ್ತೆ ಮಿಸ್ಸಿಂಗ್, ಮಾವ."

"ಎಲ್ಲಿ?"

"ಅದೇ ಜಾಗ. ಬಾವಿ ದಾಟಿ ಮೂರು ಗಂಟೆಗೆ, ಮೆತ್ತನೆ ಮರಳು ಶುರುವಾಗೋ ಕಡೆ. ಚೆನ್ನಾಗಿ ಓಡ್ತಿರ್ತದೆ, ಇದ್ದಕ್ಕಿದ್ದಂಗೆ ಒಂದು ಕಾಲು ಕುಂಟ್ತದೆ. ಹತ್ತು ನಿಮಿಷ ಕುಂಟಿ, ಏನೂ ಆಗಿಲ್ವೇನೋ ಅನ್ನೋ ಥರ ಮತ್ತೆ ಓಡ್ತದೆ. ಈ ಸಲ ಎರಡು ಸಲ ನಿಂತೇ ಹೋಯ್ತು."

"ಇಲ್ಲಿ ಯಾಕೆ ಅಷ್ಟು ಕುಂಟಲ್ಲ ಮತ್ತೆ? ನನ್ನ ಮುಂದೆ ಒಂದು ಸಲ ಹಂಗೆ ನಿಲ್ಲಲಿ ನೋಡೋಣ."

"ನಿನ್ನ ಕಂಡ್ರೆ ಹೆದರ್ತದೆ ಮಾವ. ನಿನ್ನ ಮಗಳಿಗಿಂತ ಎಷ್ಟೋ ವಾಸಿ."

ಅಳಿಯ ನಕ್ಕ. ಕರ್ರಾರನೂ ನಕ್ಕ, ಆದರೆ ನಗು ಗಂಟಲಿನಿಂದ ಕೆಳಗಿಳಿಯಲಿಲ್ಲ. ಹಿಂದಿನ ತಿಂಗಳು ಅದೇ ಮೆತ್ತನೆ ಮರಳಿನಲ್ಲಿ ಬೇರೆ ಊರಿನ ಲಾರಿಯೊಂದು ಕೆಟ್ಟು ನಿಂತಿತ್ತು. ಐದನೆಯ ದಿನ ಆ ದಾರಿಯಲ್ಲಿ ಮೊದಲು ಹೋದವನು ಸಿದ್ದೀಗ್. ಲಾರಿಯ ನೆರಳಿನಲ್ಲಿ ಒಂಬತ್ತು ಜನ ಸಾಲಾಗಿ ಮಲಗಿದ್ದರು. ದಾರಿಯ ನಿಯಮ ಪಾಲಿಸಿದ್ದರು ಪಾಪ, ಲಾರಿ ಬಿಟ್ಟು ಕದಲಿರಲಿಲ್ಲ. ಒಂಬತ್ತು ಗುಂಡಿಗಳನ್ನೂ ಸಿದ್ದೀಗ್ ಮತ್ತು ಅವನ ಜೊತೆ ಚಾಲಕ ಇದ್ರೀಸ್ ಇಬ್ಬರೇ ತೋಡಿದರು. ಆ ಮೇಲೆ ಸಿದ್ದೀಗ್ ಊರಿಗೆ ಬಂದು ಮೂರು ದಿನ ಉಣ್ಣಲಿಲ್ಲ. ಸಿತ್ತನಾ ಅಂದಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲವೆಂದು ಅವಳ ಅತ್ತೆ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಮಿಸ್ಸಿಂಗ್, ಅಂದರೆ ಯಾವ ಸಿಲಿಂಡರ್ ಉರಿಯುತ್ತಿಲ್ಲ ಎಂದು ಹಿಡಿಯುವ ವಿದ್ಯೆ ಕರ್ರಾರನಿಗೆ ಬೆರಳ ತುದಿಯಲ್ಲಿತ್ತು. ಆರು ಸಿಲಿಂಡರಿಗೆ ಆರು ಸಣ್ಣ ಪೈಪುಗಳಲ್ಲಿ ಡೀಸೆಲ್ ಹೋಗುತ್ತದೆ. ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ಟನ್ನೂ ಸ್ವಲ್ಪ ಸಡಿಲಿಸಬೇಕು. ಸಡಿಲಿಸಿದಾಗ ಇಂಜಿನ್ ಒದ್ದಾಡಿದರೆ ಆ ಸಿಲಿಂಡರ್ ಬದುಕಿದೆ ಎಂದರ್ಥ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಅದೇ ಸತ್ತದ್ದು, ಅದರ ಬಾಯಿ ಬಿಚ್ಚಿ ನೋಡಬೇಕು. ಮೊದಲ ಸಲ ಮೂರನೆಯದು ಸತ್ತಿತ್ತು. ಅದರ ಪೈಪಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಸಿಕ್ಕಿತು, ಹೊಸ ಪೈಪು ಹಾಕಿದ. ಎರಡನೆಯ ಸಲ ಐದನೆಯದು ಆಗಾಗ ಸಾಯುತ್ತಿತ್ತು. ಅದರೊಳಕ್ಕೆ ಡೀಸೆಲ್ ಚಿಮ್ಮಿಸುವ ನಾಝಲ್ ಬಿಚ್ಚಿದರೆ ಸೂಜಿ ಅಂಟಿಕೊಂಡಿತ್ತು, ಅದನ್ನೂ ಬದಲಾಯಿಸಿದ. ಈಗ ಮೂರನೆಯ ಸಲ ನೋಡಿದರೆ ಮೂರೂ ಸರಿ, ಐದೂ ಸರಿ, ಒಂದನೆಯದು ಆಗಾಗ ಸಾಯುತ್ತಿತ್ತು.

ಕರ್ರಾರ್ ಸ್ಪ್ಯಾನರ್ ಕೆಳಗಿಟ್ಟು ಬಾನೆಟ್ಟಿನ ಮೇಲೆ ಕೈಯೂರಿ ನಿಂತುಬಿಟ್ಟ. ನಲವತ್ತು ವರ್ಷದಲ್ಲಿ ಅವನು ಎಂಥೆಂಥ ರೋಗ ನೋಡಿದ್ದ, ಆದರೆ ಮನೆಯಿಂದ ಮನೆಗೆ ಬಿಡಾರ ಬದಲಾಯಿಸುವ ರೋಗ ನೋಡಿರಲಿಲ್ಲ. ಅವನಿಗೆ ಆ ಲಾರಿಯ ಮೇಲೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆಯಿತ್ತು, ಅದನ್ನು ಒಪ್ಪಿಕೊಳ್ಳುವ ಜಾತಿಯ ಮನುಷ್ಯ ಅವನಲ್ಲ.

"ಏನಂತೆ ಉಸ್ತಾ?" ಎಂದು ಇದ್ರೀಸ್ ಕೇಳಿದ. ಇದ್ರೀಸ್ ದಿನಕ್ಕೆ ಹತ್ತು ಮಾತಾಡುವವನು, ಅದರಲ್ಲಿ ಎಂಟು ನಮಾಜಿನಲ್ಲಿ ಖರ್ಚಾಗುತ್ತವೆ ಎಂದು ಸಿದ್ದೀಗ್ ಚೇಷ್ಟೆ ಮಾಡುತ್ತಿದ್ದ.

"ಆರಕ್ಕೂ ಸೇರಿದ್ದು ಯಾವುದು? ಪಂಪು. ಪಂಪಿಗಿಂತ ಮುಂಚೆ? ಫಿಲ್ಟರ್. ಅದಕ್ಕಿಂತ ಮುಂಚೆ?"

"ಟ್ಯಾಂಕು."

"ಇಳಿಸು ಟ್ಯಾಂಕನ್ನ."

ಟ್ಯಾಂಕು ಇಳಿಸಿ ಬೋರಲು ಹಾಕಿದರು. ಡೀಸೆಲ್ಲಿನ ಹಿಂದೆಯೇ ನೀರು ಬಂತು, ಎರಡು ಲೋಟದಷ್ಟು. ಕರ್ರಾರ್ ತೊಡೆ ತಟ್ಟಿಕೊಂಡ. ನೀರು ಭಾರ, ಡೀಸೆಲ್ಲಿನ ಅಡಿಗೆ ಹೋಗಿ ಕೂರುತ್ತದೆ. ಊರ ಸಮನೆಲದಲ್ಲಿ ಕೂತಲ್ಲೇ ಕೂತಿರುತ್ತದೆ. ಮೆತ್ತನೆ ಮರಳಿನಲ್ಲಿ ಲಾರಿ ತೊನೆದಾಡತೊಡಗಿದಾಗ ಕದಡಿ ಮೇಲೆದ್ದು, ಸಿಕ್ಕಿದ ಸಿಲಿಂಡರಿಗೆ ನುಗ್ಗಿ ಅದನ್ನು ನಂದಿಸುತ್ತದೆ. ಇಷ್ಟು ದಿನ ತಲೆ ಕೆಡಿಸಿದ್ದು ಇಷ್ಟೇ.

"ಲಾರಿ ನಿಲ್ಲೋ ಕಡೆ ಯಾವನೋ ಬೇವಾರ್ಸಿ ಡೀಸೆಲ್ ಕದ್ದು ನೀರು ಹೊಯ್ತಿದ್ದಾನೆ," ಎಂದು ಗುಡುಗಿದ. "ಇನ್ನು ಹೊಯ್ಯಲಿ ನೋಡ್ತೀನಿ."

ಟ್ಯಾಂಕನ್ನು ಮೂರು ಸಲ ಡೀಸೆಲ್ಲಿನಲ್ಲೇ ತೊಳೆದ. ತನ್ನ ಹಳೆಯ ಪೇಟದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಹೊಸ ಡೀಸೆಲ್ಲನ್ನು ಅದರಲ್ಲಿ ಸೋಸಿ ತುಂಬಿದ. ಟ್ಯಾಂಕಿನ ಬಾಯಿಗೆ ಕಬ್ಬಿಣದ ಪಟ್ಟಿ ಬೆಸೆದು ಬೀಗ ಜಡಿದು, ಬೀಗದ ಕೈಯನ್ನು ಸಿದ್ದೀಗನ ಕೊರಳಿಗೇ ಕಟ್ಟಿದ. ಫಿಲ್ಟರಿನ ತಳದಲ್ಲಿ ಕೂತಿದ್ದ ಕರಿಯ ರಾಡಿಯನ್ನು ಒಂದು ಡಬ್ಬದ ಮುಚ್ಚಳಕ್ಕೆ ಬಗ್ಗಿಸಿ, ಕಿಟಕಿಯ ಕಟ್ಟೆಯ ಮೇಲಿಟ್ಟು ಮರೆತ. ಮಧ್ಯಾಹ್ನವೆಲ್ಲ ನದಿಯ ದಂಡೆಯ ಏರಿನಲ್ಲಿ ಲಾರಿಯನ್ನು ಹತ್ತಿಸಿ ಇಳಿಸಿ ತೊನೆದಾಡಿಸಿದರು. ಒಂದೇ ಒಂದು ಸಲವೂ ಕುಂಟಲಿಲ್ಲ.

ಮರುದಿನ ಬೆಳಿಗ್ಗೆ ಖರ್ಜೂರದ ಮೂಟೆಗಳು, ಮೂಟೆಗಳ ಮೇಲೆ ಇಪ್ಪತ್ತೆಂಟು ಜನ, ಪಕ್ಕದಲ್ಲಿ ನೀರಿನ ಚರ್ಮದ ಚೀಲಗಳು, ಕ್ಯಾಬಿನ್ನಿನ ಹಿಂದೆ ದಾರಿಯ ಮಧ್ಯೆ ಟ್ಯಾಂಕಿಗೆ ತುಂಬಿಕೊಳ್ಳುವ ಡೀಸೆಲ್ಲಿನ ಡ್ರಮ್ಮು, ಎಲ್ಲ ಏರಿದವು. ಕರ್ರಾರ್ ಕಣ್ಣು ಮುಚ್ಚಿ ನಿಂತ. ಆರಕ್ಕಾರೂ ಒಂದೇ ಸಮ ಬಡಿಯುತ್ತಿದ್ದವು. ಅಂಥ ಸದ್ದು ಕೇಳಿ ವರ್ಷವಾಗಿತ್ತು ಅನ್ನಿಸಿತು.

"ಹೋಗು," ಎಂದ.

"ಮದುವೆ ದಿನ ನಾನಿದ್ದಂಗಿದೆ ಮಾವ ಈಗ ಗಾಡಿ!" ಎಂದು ಸಿದ್ದೀಗ್ ಕಿಟಕಿಯಿಂದ ಕೂಗಿದ.

"ಮದುವೆ ದಿನ ನೀನು ಎರಡು ಸಲ ಎಡವಿ ಬಿದ್ದಿದ್ದೆ ಕಣೋ!"

ಮೂಟೆಗಳ ಮೇಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಗೋಡೆಯ ಪಕ್ಕ ಸಿತ್ತನಾ ಸೆರಗು ಹೊದ್ದು ನಿಂತಿದ್ದಳು. ಹಿಂದಿನ ಎರಡು ಸಲ ಗಂಡ ಹೊರಟಾಗ ಅವಳ ಮುಖ ಬಿಳಿಚಿಕೊಂಡಿತ್ತು. ಇವತ್ತು ಶಾಂತವಾಗಿ ಕೈ ಬೀಸುತ್ತಿದ್ದಳು. ತನ್ನ ಕೆಲಸದ ಮೇಲೆ ಮಗಳಿಗೆ ಅಷ್ಟು ಭರವಸೆ ಬಂತಲ್ಲ ಎಂದು ಕರ್ರಾರನಿಗೆ ಎದೆ ತುಂಬಿತು.

ಅಂದು ಮಧ್ಯಾಹ್ನ ಚಹಾ ಕುಡಿಯುತ್ತ ಕೂತಿದ್ದವನ ಕಣ್ಣು ಕಿಟಕಿಯ ಕಟ್ಟೆಯ ಮೇಲಿನ ಮುಚ್ಚಳದ ಮೇಲೆ ಬಿತ್ತು. ರಾಡಿ ಬಿಸಿಲಿಗೆ ಪೂರ್ತಿ ಒಣಗಿತ್ತು. ಟ್ಯಾಂಕಿನ ಕೊಳೆ ಒಣಗಿದರೆ ಕಂದು ಬಣ್ಣದ ತುಕ್ಕಿನ ಪುಡಿಯಾಗುತ್ತದೆ. ಇದು ಕಪ್ಪಗೆ ಮಿರಮಿರ ಮಿಂಚುತ್ತ, ಸಣ್ಣ ಸಣ್ಣ ಚೂರಾಗಿ ಬಿರುಕು ಬಿಟ್ಟಿತ್ತು. ಕರ್ರಾರ್ ಬೆರಳಿಗೆ ಉಗುಳು ಹಚ್ಚಿಕೊಂಡು ಒಂದು ಚೂರನ್ನು ಉಜ್ಜಿದ. ಕರಗಿತು. ಎರಡು ಬೆರಳೂ ಅಂಟಿಕೊಂಡವು.

ಚಹಾದ ಲೋಟ ಕೆಳಗಿಟ್ಟ. ಡೀಸೆಲ್ಲಿನಲ್ಲಿ ಗೋಂದು ಎಲ್ಲಿಂದ ಬರಬೇಕು? ಬೆರಳನ್ನು ಮೂಗಿನ ಹತ್ತಿರ ಹಿಡಿದ. ಡೀಸೆಲ್ಲಿನ ವಾಸನೆಯ ಹಿಂದೆ ಇನ್ನೊಂದು ವಾಸನೆಯಿತ್ತು, ಅದು ಅವನನ್ನು ಏಳು ವರ್ಷದ ಹುಡುಗನನ್ನಾಗಿ ಮಾಡಿ ಮರಳ ಮೇಲೆ ಚಕ್ಕಳಮಕ್ಕಳ ಕೂರಿಸಿತು. ತೊಡೆಯ ಮೇಲೆ ಮರದ ಹಲಗೆ, ಕೈಯಲ್ಲಿ ಜೊಂಡಿನ ಲೇಖನಿ. ಪಾತ್ರೆಯ ತಳದ ಮಸಿ ಕೆರೆದು, ಜಾಲಿಯ ಗೋಂದಿನಲ್ಲಿ ಕದಡಿ ಮಾಡಿದ ಶಾಯಿ. ಆ ಊರಿನಲ್ಲಿ ಕುರಾನ್ ಕಲಿತವರೆಲ್ಲ ಆ ಶಾಯಿಯಲ್ಲೇ ಬರೆದವರು. ಬರೆದದ್ದನ್ನು ಕಲಿತಾದ ಮೇಲೆ ಹಲಗೆ ತೊಳೆಯುತ್ತಾರೆ, ತೊಳೆದ ನೀರನ್ನು ಚೆಲ್ಲುವುದಿಲ್ಲ. ದೇವರ ಮಾತು ಕರಗಿದ ನೀರು ಅದು. ಜ್ವರ ಬಂದವರಿಗೆ, ಬಸುರಿಯರಿಗೆ, ಕಣ್ಣು ತಾಗಿದವರಿಗೆ ಕುಡಿಸುತ್ತಾರೆ. ಮಿಹಾಯ ಎನ್ನುತ್ತಾರೆ. ಕರ್ರಾರನೂ ಕುಡಿದಿದ್ದ, ಅವನ ಮಗಳಿಗೂ ಕುಡಿಸಿದ್ದ.

ಅವನು ಎದ್ದ. ಚಪ್ಪಲಿ ಮೆಟ್ಟದೆ ಸುಡುವ ಬೀದಿಯಲ್ಲಿ ಫಕೀ ಬದವಿಯ ಮನೆಗೆ ನಡೆದ.

ಫಕೀ ಬದವಿ ಊರಿನ ಮಕ್ಕಳಿಗೆಲ್ಲ ಕುರಾನ್ ಕಲಿಸಿದ ಮುದುಕ, ಕರ್ರಾರನಿಗೂ ಅವನೇ ಗುರು. ಕಣ್ಣು ಮಂಜಾಗಿತ್ತು, ಕೈ ಮಾತ್ರ ಇನ್ನೂ ನೇರವಾಗಿ ಬರೆಯುತ್ತಿತ್ತು.

"ನನ್ನ ಮಗಳು ಬಂದಿದ್ಲಾ?"

"ಬರ್ತಾನೇ ಇದ್ದಾಳಲ್ಲಪ್ಪ. ಮೊದಲನೇ ಸಲ ಒಂದು ಬಟ್ಟಲು ಮಿಹಾಯ ಕೊಟ್ಟೆ. ಲಾರಿಗೆ ಕಾಯಿಲೆ ಜಾಸ್ತಿಯಾಯ್ತು ಅಂತ ಅತ್ಕೊಂಡು ಬಂದ್ಲು, ಆವಾಗ ಒಂದು ಬಾಟ್ಲಿ ಕೊಟ್ಟೆ. ನಿನ್ನೆ ಸಂಜೆ ಬಂದು, ಫಕೀ, ಕೈ ಬಿಗಿ ಮಾಡ್ಬೇಡಿ, ಪೂರ್ತಿ ಬರ್ಕೊಡಿ ಅಂದ್ಲು. ಯಾಸೀನ್ ಅಧ್ಯಾಯ ಇಡೀ ಬರ್ದೆ, ಮೂರು ಹಲಗೆ ಹಿಡೀತು. ತುಂಬಿದ ಕೊಡ ತಗೊಂಡು ಹೋದ್ಲು."

"ಲಾರಿಗೆ ಹಾಕ್ತೀನಿ ಅಂತ ಹೇಳಿದ್ಲಾ ನಿಮಗೆ?"

"ಹೇಳಿದ್ಲು. ನೀನೇ ಕಳಿಸಿದ್ದಲ್ವಾ?"

"ನಾನಾ?"

"ಅಪ್ಪನೇ ಅಂದ, ಇಂಜಿನ್‌ನಲ್ಲಿ ಏನೂ ಇಲ್ಲ, ಕಣ್ಣು ಬಿದ್ದಿದೆ, ಫಕೀ ಹತ್ರ ಬರೆಸ್ಕೊಂಡು ಬಾ, ಅಂತ. ಹಾಗಂದ್ಲು."

ಅಂದಿದ್ದ. ಮೊದಲ ಸಲ ಪೈಪು ಬದಲಾಯಿಸಿ, ಮಗಳ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವಳು, "ಇನ್ನು ಕೆಡಲ್ಲ ತಾನೇ ಅಪ್ಪ? ಪ್ರಮಾಣ ಮಾಡು," ಎಂದು ಜೀವ ತಿಂದಿದ್ದಳು. ಬೇಸರಕ್ಕೆ ಆ ಮಾತು ಎಸೆದಿದ್ದ. ರೋಗ ಅಂದೇ ವಾಸಿಯಾಗಿತ್ತು. ಆ ಮೇಲಿನ ಕುಂಟಾಟವೆಲ್ಲ ಔಷಧಿಯಿಂದಲೇ ಬಂದದ್ದು. ಕುಂಟಿದಷ್ಟೂ ಅವಳು ಹೆದರಿದ್ದಳು, ಹೆದರಿದಷ್ಟೂ ಹೆಚ್ಚು ಹೊಯ್ದಿದ್ದಳು.

"ಟ್ಯಾಂಕಿಗೆ ನಾನು ಬೀಗ ಹಾಕಿದ್ದೆ ಫಕೀ. ಆ ಕೊಡ ಎಲ್ಲಿಗೆ ಹಾಕಿದ್ಲು?"

"ಅದನ್ನೂ ಕೇಳಿದ್ಲು. ಅಪ್ಪ ಬೀಗ ಹಾಕಿಬಿಟ್ಟಿದ್ದಾನೆ, ಹಿಂದಿನ ಡ್ರಮ್ಮಿಗೆ ಹಾಕಿದ್ರೂ ಫಲ ಸಿಗುತ್ತಾ ಅಂತ. ದೇವರ ಮಾತು ಎಲ್ಲಿ ಹಾಕಿದ್ರೂ ದೇವರ ಮಾತೇ ಅಂದೆ. ಇಂಜಿನ್ ವಿಷಯ ನನಗೇನಪ್ಪ ಗೊತ್ತು? ಯಾಕೆ, ಏನಾಯ್ತು?"

ಕರ್ರಾರ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಟ್ಯಾಂಕಿನಲ್ಲಿರುವುದು ಶುದ್ಧ ಡೀಸೆಲ್. ಅದರ ಮೇಲೆ ಲಾರಿ ಹಾಡಿಕೊಂಡು ಬಾವಿ ದಾಟುತ್ತದೆ, ಮೆತ್ತನೆ ಮರಳೂ ದಾಟುತ್ತದೆ. ಹಿಂದೆ ಕುಂಟಿದಾಗಲಾದರೂ ಬಾವಿ ಮೂರು ಗಂಟೆ ಹಿಂದಿತ್ತು. ಈಗ ಸಂಜೆಯ ತನಕ ನಿಲ್ಲದೆ ಓಡಿ, ಎತ್ತ ಕಡೆಯಿಂದ ನೋಡಿದರೂ ನೀರಿಗೆ ಒಂದು ದಿನದಷ್ಟು ದೂರವಿರುವ ಜಾಗದಲ್ಲಿ ಟ್ಯಾಂಕು ಬರಿದಾಗುತ್ತದೆ. ಆಗ ಡ್ರಮ್ಮಿನ ತಳದ ತನಕ ಕೊಳವೆ ಇಳಿಬಿಟ್ಟು, ಬಾಯಿಂದ ಹೀರಿ ಟ್ಯಾಂಕಿಗೆ ಹರಿಸುತ್ತಾರೆ. ಡ್ರಮ್ಮಿನ ತಳದಲ್ಲಿರುವುದು ಮೂರು ಹಲಗೆಯ ನೀರು.

"ಫಕೀ," ಎಂದ ಕೊನೆಗೆ, "ಅವಳು ಏನು ತಗೊಂಡು ಹೋದ್ಲು, ಎಲ್ಲಿಗೆ ಹಾಕಿದ್ಲು, ಈ ಮಾತು ನಿಮ್ಮ ಬಾಯಿಂದ ಯಾವತ್ತೂ ಹೊರಗೆ ಬರ್ಬಾರದು."

ಮುದುಕ ಅವನ ದನಿಯಿಂದಲೇ ಅರ್ಥ ಮಾಡಿಕೊಂಡ. ಬರೆಯುವ ಕೈಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದ.

ಮರಳಿಗೆ ಹೋಗಬಲ್ಲ ಗಾಡಿ ಅಂದು ಊರಿನಲ್ಲಿ ಒಂದೇ ಒಂದಿತ್ತು, ದನದ ಡಾಕ್ಟರ ಪಿಕಪ್ಪು. ಅದು ದೋಣಿ ದಾಟಿ ನದಿಯ ಆಚೆ ದಡಕ್ಕೆ ಹೋಗಿತ್ತು, ಬೆಳಗಿನ ದೋಣಿಗೇ ವಾಪಸು ಬರುವುದು. ಕರ್ರಾರ್ ದಂಡೆಯಲ್ಲಿ ನಿಂತು ಕೂಗಿ ಕೂಗಿ ಗಂಟಲು ಹರಿದುಕೊಂಡ. ನೈಲ್ ನದಿ ಅಲ್ಲಿ ಅಗಲ, ಗಾಳಿ ಎದುರು.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವನ ಕಾಲು ಅವನನ್ನು ಮಗಳ ಮನೆಗೆ ಕರೆದುಕೊಂಡು ಹೋಯಿತು. ಹೇಳಿಬಿಡಬೇಕು ಎಂದುಕೊಂಡೇ ಹೋದ. ಸಿತ್ತನಾ ಕಾವಲಿಯ ಮೇಲೆ ಕಿಸ್ರಾ ರೊಟ್ಟಿ ಹರಡುತ್ತಿದ್ದಳು. ಕೆನ್ನೆಗೆ ಬಣ್ಣ ಬಂದಿತ್ತು.

"ಬಾ ಅಪ್ಪ, ಕೂತ್ಕೋ. ಬೆಂಡೆಕಾಯಿ ಸಾರಿದೆ. ಗೊತ್ತಾ, ಇವತ್ತು ಮಧ್ಯಾಹ್ನ ನಿದ್ದೆ ಮಾಡ್ದೆ! ಒಂದು ತಿಂಗಳಾಗಿತ್ತು. ಮಗು ಕೂಡ ಒದೀದೆ ಮಲಗಿತ್ತು."

"ಒಳ್ಳೇದಾಯ್ತು."

"ಯಾಕೆ ಹಂಗೆ ನೋಡ್ತಿದ್ದೀಯ? ಚಪ್ಪಲಿ ಎಲ್ಲಿ?"

"ಶೆಡ್ಡಲ್ಲಿ ಬಿಟ್ಟೆ."

"ವಯಸ್ಸಾಯ್ತು ನಿಂಗೆ," ಎಂದು ನಕ್ಕು ಬಿಸಿ ರೊಟ್ಟಿ ಮುಂದಿಟ್ಟಳು. ಕರ್ರಾರ್ ಬಾಯಿ ತೆರೆದ. ತೆರೆದ ಬಾಯಿಗೆ ರೊಟ್ಟಿ ಹಾಕಿಕೊಂಡ. ಆ ಕೆನ್ನೆಯ ಬಣ್ಣವನ್ನು ಕೈಯಾರೆ ಒರೆಸಿ ಹಾಕಲು ಅವನಿಗೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಪಿಕಪ್ಪು ಬಂದದ್ದೇ ಸೋಸಿದ ಡೀಸೆಲ್, ಆರು ನಾಝಲ್, ಬ್ಯಾಟರಿ, ನೀರು ಹೇರಿಕೊಂಡು ಹೊರಟ. ಡಾಕ್ಟರ ಚಾಲಕ ಮಾತುಗಾರ, ಕರ್ರಾರನ ಮುಖ ನೋಡಿ ಅವನೂ ಬಾಯಿಗೆ ಬೀಗ ಹಾಕಿಕೊಂಡ. ಬಾವಿಯಲ್ಲಿ ಕೇಳಿದರೆ, ಸಿದ್ದೀಗ್ ನಿನ್ನೆ ನಿಲ್ಲಿಸಲೇ ಇಲ್ಲ, ಹಾರ್ನ್ ಹೊಡೆದು ಗಾಳಿಯ ಹಾಗೆ ಹೋದ ಎಂದರು. ಮೆತ್ತನೆ ಮರಳಿನಲ್ಲಿ ಲಾರಿಯ ಗುರುತು ದಾರ ಹಿಡಿದು ಎಳೆದಂತೆ ನೇರವಾಗಿತ್ತು. ಮಧ್ಯಾಹ್ನ ಇಳಿದ ಮೇಲೆ ಒಂದು ಕಡೆ ಲಾರಿ ನಿಂತ ಜಾಗ ಸಿಕ್ಕಿತು. ಮರಳ ಮೇಲೆ ಚೆಲ್ಲಿದ ಡೀಸೆಲ್ಲಿನ ಕಲೆ, ಸುತ್ತ ಹೆಜ್ಜೆಗಳು, ಸಾಲಾಗಿ ನಮಾಜು ಮಾಡಿದ ಮಂಡಿಗಳ ಗುರುತು. ಡ್ರಮ್ಮು ತೆಗೆದದ್ದು ಅಲ್ಲೇ. ಅಲ್ಲಿಂದ ಮುಂದೆ ಚಕ್ರದ ಗುರುತು ಅರ್ಧ ಗಂಟೆಯ ದಾರಿ ಹೋಗಿತ್ತು, ಅಷ್ಟೇ.

ಇಪ್ಪತ್ತೆಂಟು ಜನ ಲಾರಿಯ ನೆರಳಿಗೆ ಅಂಟಿಕೊಂಡು ಮಲಗಿದ್ದರು. ಪಿಕಪ್ಪಿನ ಸದ್ದಿಗೆ ಒಬ್ಬೊಬ್ಬರಾಗಿ ಎದ್ದರು. ಎಲ್ಲರೂ ಬದುಕಿದ್ದರು, ಕರ್ರಾರ್ ಎಣಿಸುತ್ತ ಎಣಿಸುತ್ತ ಅಳತೊಡಗಿದ. ಇದ್ರೀಸ್ ಎದ್ದು ಬಂದ. ಕರ್ರಾರ್ ಅವನ ಭುಜದ ಮೇಲಿಂದ ಹಿಂದೆ ನೋಡುತ್ತಲೇ ಇದ್ದ.

"ಸಿದ್ದೀಗ್ ಎಲ್ಲಿ?"

"ನಡ್ಕೊಂಡು ಹೋದ."

"ಎಲ್ಲಿಗೆ?"

"ದಾರಿ ಬಿಟ್ಟು ಪಶ್ಚಿಮಕ್ಕೆ, ಒಂದು ದಿನ ನಡೆದ್ರೆ ಕುರುಬರ ಬಾವಿ ಇದ್ಯಲ್ಲ, ಆ ಕಡೆ. ಬೆಳಿಗ್ಗೆ ಹೋದ. ಬ್ಯಾಟರಿ ಸಾಯೋ ತನಕ ಸ್ಟಾರ್ಟ್ ಮಾಡಿ ನೋಡಿದ್ವಿ, ನೂಕಿಯೂ ನೋಡಿದ್ವಿ. ಹೋಗ್ಬೇಡ ಅಂತ ಅಡ್ಡ ನಿಂತೆ ಉಸ್ತಾ. 'ಕಾದು ಕೂತ ಒಂಬತ್ತು ಜನಕ್ಕೆ ನಾವೇ ಗುಂಡಿ ತೋಡಿದ್ವಲ್ಲ, ಮರ್ತ್ಯಾ? ನನ್ ಕೈಲಿ ಕೂರಕ್ಕಾಗಲ್ಲ' ಅಂದ. ಸಣ್ಣ ಚೀಲದಲ್ಲಿ ನೀರು ತಗೊಂಡ. ದೊಡ್ಡದನ್ನ ಮಕ್ಕಳಿಗೆ ಬಿಟ್ಟ."

ಇದ್ರೀಸ್ ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಪಿಕಪ್ಪಿನವನು ಹೆಜ್ಜೆಗಳ ಹಿಂದೆ ತಕ್ಷಣ ಹೊರಟ. ಕರ್ರಾರನಿಗೂ ಹತ್ತಿ ಕೂರುವ ಆಸೆ, ಆದರೆ ಇಲ್ಲಿ ಇಪ್ಪತ್ತೆಂಟು ಜನರ ನೀರು ನಾಳೆ ಸಂಜೆಗೆ ಮುಗಿಯುತ್ತಿತ್ತು. ಪಂಪು ಬಿಚ್ಚಿದ. ಒಳಗೆಲ್ಲ ಕಪ್ಪು ಗೋಂದು ಹಿಡಿದಿತ್ತು. ಆರು ನಾಝಲ್ಲುಗಳ ಸೂಜಿಗಳೂ ಅಂಟಿಕೊಂಡಿದ್ದವು. ತೊಳೆದ, ಒರೆಸಿದ, ಬದಲಾಯಿಸಿದ. ಡ್ರಮ್ಮನ್ನು ತಾನೇ ಉರುಳಿಸಿಕೊಂಡು ಹೋಗಿ, ಮರಳ ದಿಣ್ಣೆಯ ಆಚೆ ಕೊನೆಯ ಹನಿಯ ತನಕ ಚೆಲ್ಲಿ ಬಂದ.

ಬಂದಾಗ ಇದ್ರೀಸ್ ಪಂಪಿನ ಮುಚ್ಚಳಕ್ಕೆ ಬೆರಳು ಒತ್ತಿ ಮೂಸುತ್ತಿದ್ದ. ಅವನೂ ಫಕೀ ಬದವಿಯ ಶಿಷ್ಯನೇ. ಬೆರಳಿಗೆ ಅಂಟಿದ ಶಾಯಿಯನ್ನು ನೋಡಿಕೊಂಡ. ಆಮೇಲೆ ಅದನ್ನು ಜುಬ್ಬಕ್ಕೆ ಒರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನೀನು ಫಿಲ್ಟರ್ ತೊಳೆದು, ಒಣಗಿಸ್ದೆ ಹಾಗೇ ಒದ್ದೆ ಹಾಕಿದ್ದೆ. ಅಲ್ವಾ ಉಸ್ತಾ?"

ಕರ್ರಾರ್ ಅವನ ಕಣ್ಣು ನೋಡಿದ. "ಹೌದು," ಎಂದ. "ಒದ್ದೆ ಹಾಕಿದ್ದೆ. ಮರೆವು."

ಇಪ್ಪತ್ತೆಂಟು ಜನ ಅವನನ್ನೇ ನೋಡಿದರು. ಒಬ್ಬ ಹೆಂಗಸು ಕ್ಯಾಕರಿಸಿ ಮರಳ ಮೇಲೆ ಉಗುಳಿದಳು.

ಇಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಆರೂ ಒಂದೇ ಸಮ ಬಡಿಯುತ್ತಿದ್ದವು. ಸೂರ್ಯ ಮುಳುಗುವಾಗ ಪಿಕಪ್ಪು ಅದರ ಚಾಲಕನೊಬ್ಬನನ್ನೇ ಹೊತ್ತು ಹಿಂದಿರುಗಿತು. ಹೆಜ್ಜೆ ಗುರುತು ಕಲ್ಲು ನೆಲಕ್ಕೆ ಹತ್ತಿ ಮಾಯವಾಗಿತ್ತು. ಮರುದಿನ ಬೆಳಿಗ್ಗೆ ಒಂಟೆ ಮೇಯಿಸುವವರಿಗೆ ಸಿದ್ದೀಗ್ ಸಿಕ್ಕಿದ. ಬಾವಿಗೆ ಇನ್ನು ಒಂದೂವರೆ ಗಂಟೆಯ ನಡಿಗೆ ಉಳಿದಿತ್ತು. ಕೊರಳಲ್ಲಿ ಬೀಗದ ಕೈ ಹಾಗೇ ಇತ್ತು.

ಸಾವಿನ ಮನೆಯ ಮುಂದೆ ಚಾಪೆ ಹಾಸಿ ಮೂರು ದಿನ ಕೂತರು. ಬಂದವರು ಅಂಗೈ ಎತ್ತಿ ಪ್ರಾರ್ಥನೆ ಹೇಳಿ ಕೂರುತ್ತಿದ್ದರು. ಕರ್ರಾರ್ ಕೂತ ಚಾಪೆಯಲ್ಲಿ ಇದ್ರೀಸ್ ಬಿಟ್ಟರೆ ಯಾರೂ ಕೂರಲಿಲ್ಲ. ಶೆಡ್ಡಿಗೆ ಬರಬೇಕಾಗಿದ್ದ ಎರಡು ಲಾರಿಗಳು ಮೂರು ಊರು ದಾಟಿ ಬೇರೆಯವನ ಹತ್ತಿರ ಹೋದವೆಂದು ಯಾರೋ ಅವನಿಗೆ ಕೇಳುವಂತೆಯೇ ಮಾತಾಡಿಕೊಂಡರು. ಫಕೀ ಬದವಿ ಬಂದು ಪ್ರಾರ್ಥನೆ ಹೇಳಲು ಹೊರಟು, ಮಧ್ಯದಲ್ಲಿ ದನಿ ಒಡೆದು ಎದ್ದು ಹೋದ.

ನಾಲ್ಕನೆಯ ದಿನ ಸಿತ್ತನಾ ಅಪ್ಪನನ್ನು ಒಳಗೆ ಕರೆಸಿದಳು. ಬಣ್ಣವಿಲ್ಲದ ಒರಟು ಬಟ್ಟೆ ಉಟ್ಟು ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವನು ಬಾಗಿಲಲ್ಲೇ ನಿಂತ.

"ನಿನ್ನ ಮುಖ ನೋಡ್ಬಾರ್ದು ಅಂತಿದ್ದೆ," ಎಂದಳು. "ಒಂದು ಮಾತು ಕೇಳಕ್ಕೆ ಕರೆಸ್ದೆ. ನಿಂಗೆ ಹೇಳದೇ ಒಂದು ಕೆಲಸ ಮಾಡಿದ್ದೆ ನಾನು. ಮೂರು ಹಲಗೆ ಬರೆಸಿ, ಆ ನೀರನ್ನ ಹಿಂದಿನ ಡ್ರಮ್ಮಿಗೆ ಹಾಕಿದ್ದೆ. ಅವನಿಗೆ ರಕ್ಷೆ ಇರ್ಲಿ ಅಂತ."

ಕರ್ರಾರ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಆ ಡ್ರಮ್ಮು ತೆಗೆದಿದ್ರಾ ಅಪ್ಪ? ನಿಜ ಹೇಳು. ಆ ನೀರು ಇಂಜಿನ್ನಿಗೆ ಹೋಗಿತ್ತಾ?"

"ಇಲ್ಲಮ್ಮ," ಎಂದ. "ತೆಗೆದಿರ್ಲಿಲ್ಲ. ಅಷ್ಟರಲ್ಲೇ ಗಾಡಿ ನಿಂತಿತ್ತು."

ಅವಳು ಈ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಬರೀ ದ್ವೇಷವಿತ್ತು. ಇನ್ನು ಸಾಯುವ ತನಕ ಅವಳು ಅವನನ್ನು ನೋಡುವುದು ಹೀಗೆಯೇ ಎಂದು ಅವನಿಗೆ ಗೊತ್ತಾಯಿತು.

"ತೆಗೆದಿದ್ರೆ ಬದುಕ್ತಿದ್ದ," ಎಂದಳು.

"ಹೌದಮ್ಮ," ಎಂದ ಕರ್ರಾರ್. "ತೆಗೆದಿದ್ರೆ ಬದುಕ್ತಿದ್ದ."